ತಳ್ಳಿದರೂ ಅಳೆಯುವ ಸ್ಪ್ರಿಂಗ್ ಬ್ಯಾಲೆನ್ಸ್: ಒಂದು ವರ್ಷ ಬಳಸಿದ ಮೇಲೆ

ಫಸ್ಟ್ ಪಿಯುಸಿಗೆ ಫಿಸಿಕ್ಸ್ ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಎರಡು ತಗೊಳ್ಳಿ. ಒಂದೇ ತಗೊಂಡರೆ ನಾನು ಹೇಳುವ ಪ್ರಯೋಗ ಆಗೋದಿಲ್ಲ.

ಮಾಮೂಲಿ ಸ್ಪ್ರಿಂಗ್ ಬ್ಯಾಲೆನ್ಸ್‌ಗೆ ಕೊಕ್ಕೆ ಮಾತ್ರ ಇರುತ್ತದೆ, ಎಳೆದರೆ ಅಳೆಯುತ್ತದೆ. ಇದಕ್ಕೆ ಒಂದು ತುದಿಯಲ್ಲಿ ಸಣ್ಣ ಕಡ್ಡಿಯೂ ಇದೆ. ಅದನ್ನು ಒತ್ತಿದರೆ ತಳ್ಳುವ ಬಲ ಎಷ್ಟು ಅಂತ ತೋರಿಸುತ್ತದೆ. ಪ್ಲಾಸ್ಟಿಕ್ ಕೊಳವೆ, ಒಳಗಿನ ಸ್ಪ್ರಿಂಗ್ ಹೊರಗೆ ಕಾಣುತ್ತದೆ. ನನ್ನದು 10 ನ್ಯೂಟನ್‌ವರೆಗೆ ಅಳೆಯುವಂಥದ್ದು, ಒಂದಕ್ಕೆ 220 ರೂಪಾಯಿ. ಮೊದಲ ಸಲ ತಪ್ಪಾಗಿ 5 ನ್ಯೂಟನ್‌ದು ಬಂತು. ವಾಪಸ್ ಕಳಿಸಿದೆ, ವಾರದಲ್ಲಿ ಸರಿಯಾದದ್ದು ಬಂತು.

ಇದು ಬೇಕಾಗಿದ್ದು ಒಂದೇ ಒಂದು ತಪ್ಪಿಗಾಗಿ. ಟೇಬಲ್ ಮೇಲೆ ಎರಡು ಪೆಟ್ಟಿಗೆ, ಒಂದಕ್ಕೊಂದು ತಾಗಿಕೊಂಡಿವೆ. ಎಡಗಡೆಯದನ್ನು 8 ನ್ಯೂಟನ್ ಬಲದಿಂದ ತಳ್ಳುತ್ತೀರಿ. ಎರಡನೆಯದರ ಫ್ರೀ ಬಾಡಿ ಡಯಾಗ್ರಮ್ (ಒಂದು ವಸ್ತುವನ್ನು ಮಾತ್ರ ಬರೆದು, ಅದರ ಮೇಲೆ ಬೀಳುವ ಬಲಗಳನ್ನೆಲ್ಲ ಬಾಣಗಳಲ್ಲಿ ತೋರಿಸುವ ಚಿತ್ರ) ಬರೆಯಿರಿ ಅಂದರೆ, ಪ್ರತಿ ವರ್ಷ ಮಕ್ಕಳು ಅದಕ್ಕೂ ಅದೇ 8 ನ್ಯೂಟನ್ ಬಾಣ ಹಾಕುತ್ತಾರೆ. ಬಲ ಮೊದಲನೆಯದರ ಒಳಗಿಂದ ಹಾಗೇ ದಾಟಿ ಹೋಗುತ್ತೆ ಅಂತ ಅವರ ನಂಬಿಕೆ. ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದರೂ ಮುಂದಿನ ಟೆಸ್ಟಿನಲ್ಲಿ ಮತ್ತೆ ಅದೇ.

ಬಡಗಿಯ ಹತ್ತಿರ ಒಂದೇ ತೊಲೆಯಿಂದ ಎರಡು ತುಂಡು ಕೊಯ್ಸಿದೆ. ಒಂದು 30 ಸೆಂಟಿಮೀಟರ್, ಇನ್ನೊಂದು 20. ತೂಗಿದರೆ 1.2 ಕೆಜಿ, 0.8 ಕೆಜಿ. ದೊಡ್ಡದರ ಮೇಲೆ ಒಂದು ಬ್ಯಾಲೆನ್ಸ್ ಕೂರುವಷ್ಟು ತೋಡು ಹೊಡೆಸಿ, ಕಡ್ಡಿ ಮಾತ್ರ ಹೊರಗೆ ಚಾಚುವ ಹಾಗೆ ಮಾಡಿದೆ. ಚಿಕ್ಕ ತುಂಡಿಗೆ ತಾಗುವುದು ಆ ಕಡ್ಡಿ ಒಂದೇ. ಇನ್ನೊಂದು ಬ್ಯಾಲೆನ್ಸ್ ತಳ್ಳುವವರ ಕೈಯಲ್ಲಿ.

ದೊಡ್ಡದನ್ನು ಹಿಂದಿನಿಂದ ನಿಧಾನವಾಗಿ, ಒಂದೇ ವೇಗದಲ್ಲಿ ತಳ್ಳಿದೆವು. ಕೈಯಲ್ಲಿರುವುದು 8ರ ಹತ್ತಿರ ನಿಂತಿತು. ನಡುವಿನದು 3ರ ಮೇಲೆ ಸ್ವಲ್ಪ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಬಗ್ಗಿ ನೋಡಿದ. "ಮಿಕ್ಕ ಐದು ಎಲ್ಲಿ ಹೋಯ್ತು ಸರ್?"

ವರ್ಷಗಟ್ಟಲೆ ನಾನು ಕಾಯುತ್ತಿದ್ದ ಪ್ರಶ್ನೆ ಅದು. ದೊಡ್ಡ ತುಂಡನ್ನು ಯಾರು ಯಾರು ಮುಟ್ಟಿದ್ದಾರೆ ಅಂತ ಕೇಳಿದೆ. ಕೈ, ಟೇಬಲ್, ಮುಂದಿನ ತುಂಡು. ಹಾಗಾದರೆ ಬಾಣ ಹಾಕು. ಕೈ ಮುಂದಕ್ಕೆ 8. ಮುಂದಿನ ತುಂಡು ಹಿಂದಕ್ಕೆ 3 ಚಿಲ್ಲರೆ. ಉಳಿದ ಐದರ ಹತ್ತಿರ ಟೇಬಲಿನ ಘರ್ಷಣೆ, ಅದೂ ಹಿಂದಕ್ಕೆ. ವೇಗ ಬದಲಾಗುತ್ತಿಲ್ಲ, ಅಂದರೆ ಮುಂದಿನ ಬಲವೂ ಹಿಂದಿನ ಬಲವೂ ಸಮ, ಲೆಕ್ಕ ಕೂಡಿತು. ಚಿಕ್ಕ ತುಂಡಿನ ಚಿತ್ರದಲ್ಲಿ ಕೈ ಬರೋದೇ ಇಲ್ಲ, ಅದು ಮುಟ್ಟಿಲ್ಲ ಅಲ್ವಾ. ಅಲ್ಲಿ ಅದೇ 3 ಚಿಲ್ಲರೆ ಬರುತ್ತದೆ, ಆದರೆ ಮುಂದಕ್ಕೆ. ಬ್ಯಾಲೆನ್ಸ್ ಒಂದು, ಅಂಕಿ ಒಂದು, ಅದು ಹೋಗಿ ಕೂರುವುದು ಎರಡು ಬೇರೆ ಬೇರೆ ಚಿತ್ರದಲ್ಲಿ. ನ್ಯೂಟನ್ನನ ಮೂರನೇ ನಿಯಮವನ್ನು (ಒಂದು ಇನ್ನೊಂದನ್ನು ಎಷ್ಟು ತಳ್ಳುತ್ತದೋ ಅದೂ ಇದನ್ನು ಅಷ್ಟೇ ವಾಪಸ್ ತಳ್ಳುತ್ತದೆ) ನಾನು ಇಷ್ಟು ಸುಲಭವಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಏನನ್ನೂ ಕದಲಿಸದೆ ಆ ಕಡೆಯಿಂದ, ಅಂದರೆ ಚಿಕ್ಕದನ್ನು ತಳ್ಳಿದೆವು. ಕೈಯಲ್ಲಿ ಮತ್ತೆ 8ರ ಹತ್ತಿರ. ನಡುವಿನದು ಈಗ 4.5 ದಾಟಿತು. ಮುಂದೆ ಇರುವುದು ಭಾರದ್ದಾದರೆ ನಡುವಿನ ಬಲ ಜಾಸ್ತಿ. ತುಂಡುಗಳ ಉದ್ದ 30ಕ್ಕೆ 20, ನಡುವಿನ ಬ್ಯಾಲೆನ್ಸಿನ ಎರಡು ಅಂಕಿಗಳೂ ಹೆಚ್ಚುಕಡಿಮೆ ಅದೇ ಪಾಲಿನಲ್ಲಿವೆ ಅಂತ ಮಕ್ಕಳೇ ಕಂಡುಹಿಡಿದರು.

ಕೊರತೆಗಳೂ ಇವೆ. ಅಡ್ಡ ಮಲಗಿಸಿದರೆ ಸೊನ್ನೆ ಜರುಗುತ್ತದೆ. ಪ್ರತಿ ಸಲ ತಿರುಪು ತಿರುಗಿಸಿ ಸರಿ ಮಾಡಿಕೊಳ್ಳಬೇಕು. ಒಂದರ ಗೆರೆಗಳು ಆರು ತಿಂಗಳಲ್ಲೇ ಅಳಿಸಲು ಶುರುವಾದವು, ಮೇಲೆ ಟೇಪ್ ಹಚ್ಚಿದ್ದೇನೆ. ತುಂಡು ಕದಲುವ ಮೊದಲು ಅಂಕಿ ಮೇಲಕ್ಕೆ ಹಾರುತ್ತದೆ, ಆಮೇಲೆ ಇಳಿಯುತ್ತದೆ. ಅದು ಬ್ಯಾಲೆನ್ಸಿನ ತಪ್ಪಲ್ಲ, ನಿಂತ ವಸ್ತುವಿನ ಘರ್ಷಣೆಯೇ ಹೆಚ್ಚು. ಜಾರಲು ಶುರುವಾದ ಮೇಲಿನ ಅಂಕಿಯನ್ನೇ ಬರೆದುಕೊಳ್ಳಿ. 20 ನ್ಯೂಟನ್‌ದು ಬೇಡ, ಗೆರೆಗಳು ಒರಟು.

ಮೂರು ತುಂಡಿನ ಲೆಕ್ಕ ಮಾಡೋಣ ಅಂತ ಮಕ್ಕಳು ದುಂಬಾಲು ಬಿದ್ದಿದ್ದಾರೆ. ಮೂರನೇ ಬ್ಯಾಲೆನ್ಸ್‌ಗೆ ಆರ್ಡರ್ ಹಾಕಿದ್ದೇನೆ. ಅದೇ ತೊಲೆಯಲ್ಲಿ 25 ಸೆಂಟಿಮೀಟರ್ ಉಳಿದಿದೆಯಂತೆ, ಬಡಗಿ ಶನಿವಾರ ಕೊಯ್ದು ಕೊಡುತ್ತಾನೆ.