ಮಕ್ಕಳ ಚಕಮಕಿ ಕೋವಿ ಅಂತ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ಅಕ್ಟೋಬರ್‌ನಲ್ಲಿ ಮಕ್ಕಳ ಚಕಮಕಿ ಕೋವಿ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಹಳೆ ಕಾಲದ ಕೋವಿ) ಅಂತ ನಂಬಿ ಒಂದು ಹಳೆ ಕೋವಿಗೆ 1,850 ಡಾಲರ್ ಕೊಟ್ಟು ಮೋಸ ಹೋದೆ. ಆ ದುಡ್ಡು ಇನ್ನು ಬರುವುದಿಲ್ಲ. ಈ ಕಡೆ ಇರುವ ನಮ್ಮವರು ಸುಮಾರು ಜನ ಭಾನುವಾರ ಹಳೆ ಸಾಮಾನಿನ ಸಂತೆ ಸುತ್ತುತ್ತಾರೆ. ಅವರಿಗಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರ. ಕೆಂಟಕಿ ರೈಫಲ್ ಅಂತ ಹೆಸರಾದ ಉದ್ದ ನಳಿಗೆಯ ಕೋವಿ ಹುಟ್ಟಿದ್ದು ಕೆಂಟಕಿಯಲ್ಲಲ್ಲ, ಇಲ್ಲೇ. 18ನೇ ಶತಮಾನದಲ್ಲಿ ಜರ್ಮನಿ ಕಡೆಯಿಂದ ಬಂದು ನೆಲೆಸಿದ ಕೋವಿ ಕೆಲಸದವರು ಶುರು ಮಾಡಿದ್ದು. ಮೇಪಲ್ ಮರದ ಹಿಡಿ, ಎಂಟು ಮುಖದ ನಳಿಗೆ, ಹಿಡಿಯ ಪಕ್ಕದಲ್ಲಿ ಹಿತ್ತಾಳೆ ಮುಚ್ಚಳದ ಪುಟ್ಟ ಡಬ್ಬಿ. ಹುಡುಗರಿಗೆ ಅಂತ ಸಣ್ಣ ಅಳತೆಯವನ್ನೂ ಮಾಡುತ್ತಿದ್ದರು. ಅವು ಸಿಗೋದು ಅಪರೂಪ, ಹಾಗಾಗಿ ಬೆಲೆ ಜಾಸ್ತಿ. ಮೋಸಕ್ಕೆ ದಾರಿಯೂ ಅದೇ.

ನನ್ನ ಮಗನಿಗೆ ಒಂಬತ್ತು ವರ್ಷ. ಸಂತೆಯಲ್ಲಿ ಆ ಕೋವಿಯನ್ನು ಅವನ ಭುಜಕ್ಕೆ ಇಟ್ಟು ನೋಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನಾನು ಸೋತಿದ್ದು ಅಲ್ಲೇ. ನಳಿಗೆಯ ಮೇಲೆ 'ಜೆ.ಡಿ.' ಅಂತ ಎರಡು ಅಕ್ಷರ ಇತ್ತು. ಲ್ಯಾಂಕಾಸ್ಟರ್‌ನ ಹೆಸರಾಂತ ಕೋವಿ ತಯಾರಕ ಜೇಕಬ್ ಡಿಕರ್ಟ್ ಇರಬಹುದು ಅಂದ ಮಾರುವವನು. ಇರಬಹುದು ಅಂದ, ಹೌದು ಅನ್ನಲಿಲ್ಲ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ಮೋಸ ಹಿಡಿದಿದ್ದು ನಮ್ಮ ಅಪ್ಪಯ್ಯ, ತೀರ್ಥಹಳ್ಳಿಯಲ್ಲಿ ಕೂತು, ವಿಡಿಯೋ ಕಾಲ್‌ನಲ್ಲಿ. ನಮ್ಮ ಮನೆಯಲ್ಲಿ ತೋಟ ಕಾಯಲಿಕ್ಕೆ ಲೈಸೆನ್ಸಿನ ಕೇಪಿನ ಕೋವಿ ಇದೆ. ಕೇಪು ಅಂದರೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ, ಅದನ್ನು ನಳಿಗೆಯ ಬುಡದ ಮೊಳೆಯ ಮೇಲೆ ಕೂರಿಸುತ್ತಾರೆ. ಅವರು ಐವತ್ತು ವರ್ಷದಿಂದ ಅದನ್ನು ತೊಳೆದು ಎಣ್ಣೆ ಹಚ್ಚಿದವರು. ಕ್ಯಾಮೆರಾ ನಳಿಗೆಯ ಬುಡಕ್ಕೆ ಹಿಡಿ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಕೇಪಿನ ಕೋವಿ ಕಣೋ, ಕೇಪಿನ ಮೊಳೆ ಕೂತಿದ್ದ ಜಾಗ ಮುಚ್ಚಿದಾರೆ ನೋಡು" ಅಂದರು.

ಭೂತಗನ್ನಡಿ ಹಿಡಿದು ನೋಡಿದೆ. ಚಕಮಕಿ ಕೋವಿಯಲ್ಲಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿನಿಂದ ಒಳಗೆ ಬೆಂಕಿ ಹಾಯಲು ಸೂಜಿಯಂಥ ತೂತು ಇರುತ್ತದೆ. ಆ ತೂತಿನ ಸುತ್ತ ಬಟಾಣಿ ಗಾತ್ರದ ಉಂಗುರದಂಥ ಗೆರೆ ಕಂಡಿತು. ಅಲ್ಲಿ ಮೊದಲು ದೊಡ್ಡ ತೂತು ಇತ್ತು, ಕಬ್ಬಿಣ ತುಂಬಿ ಉಜ್ಜಿ, ನಡುವೆ ಹೊಸದಾಗಿ ಕೊರೆದಿದ್ದಾರೆ. 1820ರ ನಂತರ ಕೇಪು ಬಂದಾಗ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿಗೆ ಬದಲಾಯಿಸಿದರು. ಈಗ ಬೆಲೆ ಏರಲಿ ಅಂತ ಅವನ್ನೇ ಮತ್ತೆ ಚಕಮಕಿ ಮಾಡುತ್ತಾರೆ. ಬರೀ ಬದಲಾಯಿಸಿದ್ದೇ ತಪ್ಪಲ್ಲ. ಹೇಳದೆ ಮಾರುವುದು ತಪ್ಪು.

ಆಮೇಲೆ ಇಲ್ಲಿನ ಒಬ್ಬ ವಯಸ್ಸಾದ ಕೋವಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಮೊದಲು ಮಾಡಿದ ಕೆಲಸ, ನಳಿಗೆಯೊಳಗೆ ಕಡ್ಡಿ ಇಳಿಸಿ ಅಳೆದದ್ದು. ಹಳೆ ಕೋವಿಯಲ್ಲಿ ಮದ್ದು ಗುಂಡು ಹಾಗೇ ಉಳಿದಿರುವುದುಂಟು. ನಾನು ಇದನ್ನೇ ಮಗನ ಕೈಗೆ ಕೊಟ್ಟಿದ್ದೆ. ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ. ದಯವಿಟ್ಟು ಯಾವ ಹಳೆ ಕೋವಿಯನ್ನೂ ಹಾಗೆ ಕೊಡಬೇಡಿ.

ಅವರು ತೋರಿಸಿದ್ದು ಇನ್ನೂ ಇದೆ. ನಿಜವಾದ ಮಕ್ಕಳ ಕೋವಿಯಲ್ಲಿ ಎಲ್ಲವೂ ಸಣ್ಣದು. ಲಾಕ್ (ಮದ್ದಿಗೆ ಕಿಡಿ ಹೊತ್ತಿಸುವ ಯಂತ್ರಭಾಗ), ಟ್ರಿಗರ್ ಸುತ್ತಿನ ಬಳೆ, ಹಿತ್ತಾಳೆ ಡಬ್ಬಿ, ನಳಿಗೆಯ ದಪ್ಪ, ಗುಂಡಿನ ದಾರಿ, ಎಲ್ಲ ಒಂದಕ್ಕೊಂದು ಹೊಂದಬೇಕು. ನನ್ನದರಲ್ಲಿ ಉದ್ದ ಮಾತ್ರ ಸಣ್ಣದು. ಲಾಕ್ ಐದೂಕಾಲು ಇಂಚು, ಅಂದರೆ ದೊಡ್ಡವರದ್ದೇ. ನಳಿಗೆಯ ಬುಡ ಒಂದಿಂಚು ದಪ್ಪ. ಒಂಬತ್ತು ವರ್ಷದ ಹುಡುಗ ಅಷ್ಟು ಭಾರ ಹಿಡಿದು ಗುರಿ ಇಡುವುದುಂಟೆ? ಆ ಕಾಲದ ಒಳ್ಳೆಯ ನಳಿಗೆ ಬುಡದಲ್ಲಿ ದಪ್ಪ, ನಡುವೆ ಸಣ್ಣಗಾಗಿ, ಬಾಯಿಯ ಹತ್ತಿರ ಮತ್ತೆ ಚೂರು ಅಗಲವಾಗುತ್ತದೆ. ನನ್ನದು ಸಣ್ಣಗಾಗುತ್ತಾ ಬಂದು ಅಲ್ಲೇ ನಿಂತುಬಿಟ್ಟಿದೆ. ಮುಂದಿನ ಹತ್ತು ಹನ್ನೆರಡು ಇಂಚನ್ನು ಗರಗಸ ಹಾಕಿ ತೆಗೆದಿದ್ದಾರೆ. ಹಿಡಿಯ ಹಿಂಬದಿಯನ್ನೂ ಕೊಯ್ದಿದ್ದಾರೆ, ಹಿತ್ತಾಳೆ ಡಬ್ಬಿ ಭುಜಕ್ಕೆ ಒತ್ತುವ ಪಟ್ಟಿಗೆ ಅಂಟಿಕೊಂಡ ಹಾಗಿದೆ. ದೊಡ್ಡವರ ಕೋವಿಯಲ್ಲಿ ಟ್ರಿಗರ್‌ನಿಂದ ಆ ಪಟ್ಟಿಗೆ 13, 14 ಇಂಚು ಇರುತ್ತದೆ. ಇದರಲ್ಲಿ 11. ಮಗನ ಭುಜಕ್ಕೆ ಸರಿಯಾಗಿ ಕೂತಿದ್ದು ಇದರಿಂದಲೇ.

ಆ 'ಜೆ.ಡಿ.' ಅಕ್ಷರಗಳ ಅಂಚು ಉಗುರಿಗೆ ತಾಗುವಷ್ಟು ಚೂಪು. ತುಕ್ಕು ತಿಂದ ಗುಳಿಗಳನ್ನೇ ಸೀಳಿಕೊಂಡು ಗೆರೆ ಹೋಗಿದೆ. ಅಂದರೆ ಅಕ್ಷರ ಬಂದಿದ್ದು ತುಕ್ಕಾದ ಮೇಲೆ.

ವಾಪಸ್ ಕೊಡಲು ಹೋದೆ. ಬಿಲ್ಲಿನಲ್ಲಿ ಇದ್ದದ್ದು 'ಹಳೆ ಕೋವಿ, ಇದ್ದ ಹಾಗೆ ಮಾರಿದೆ' ಅಂತ ಮಾತ್ರ. ಮಕ್ಕಳದ್ದು ಅಂತಾಗಲೀ, ಮೂಲ ಚಕಮಕಿ ಅಂತಾಗಲೀ ಒಂದಕ್ಷರ ಇರಲಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದ ಕೋವಿ ಆಂಟಿಕ್ ಲೆಕ್ಕ, ಹೊಸ ಕೋವಿಯ ಹಾಗೆ ಕಾಗದಪತ್ರ ಇರುವುದಿಲ್ಲ. ನಿಮಗೆ ಉಳಿಯುವ ಕಾಗದ ಅಂದರೆ ಬಿಲ್ ಒಂದೇ. ಬಾಯಲ್ಲಿ ಹೇಳಿದ್ದನ್ನೆಲ್ಲ ಅದರಲ್ಲೇ ಬರೆಸಿಕೊಳ್ಳಿ.

ಊರಿಗೆ ಒಯ್ದು ಗೋಡೆಗೆ ಹಾಕುವ ಆಸೆ ಇದ್ದವರಿಗೆ ಇನ್ನೊಂದು ಮಾತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಲೈಸೆನ್ಸ್ ಇಲ್ಲದೆ ಬಿಡುವುದು ರಿಪೇರಿ ಮಾಡಿದರೂ ಗುಂಡು ಹಾರದ ಹಳೆ ಕೋವಿಯನ್ನು ಮಾತ್ರ. ಹಳೆಯದು ಅಂದ ಮಾತ್ರಕ್ಕೆ ಸೂಟ್‌ಕೇಸಿಗೆ ತುಂಬಬೇಡಿ.

ಕೊಳ್ಳಲೇಬೇಕು ಅಂತಿದ್ದರೆ ಲಾಕ್ ಬಿಚ್ಚಿಸಿ, ಒಳಗಿನ ಭಾಗ, ಬೆಂಕಿ ತೂತು, ನಳಿಗೆಯ ತಳ, ಇಷ್ಟರ ಫೋಟೋ ಕೇಳಿ. ಒಳ್ಳೆಯ ವ್ಯಾಪಾರಿ ಬೇಜಾರಿಲ್ಲದೆ ತೋರಿಸುತ್ತಾನೆ. ಸ್ಕ್ರೂ ಮುಟ್ಟಬೇಡಿ ಅಂದರೆ ಅಲ್ಲಿಂದ ಎದ್ದು ಬನ್ನಿ. ನನ್ನ ಕೋವಿಯ ಫೋಟೋಗಳು ಇವೆ, ಆ ಉಂಗುರದ ಗೆರೆ ಚೆನ್ನಾಗಿ ಕಾಣುತ್ತದೆ. ಬೇಕಾದವರು ಕೇಳಿ, ಕಳಿಸುತ್ತೇನೆ.