ಸ್ಕೈಸರ್ವರ್: ಆಕಾಶಗಂಗೆಯ ತಟ್ಟೆಯನ್ನು ಅರಿಯಲು ಒಂದು ಉಚಿತ ಸೇವೆ

ಮಳೆಗಾಲದಲ್ಲಿ ನಕ್ಷತ್ರ ಕಾಣುವುದೇ ಅಪರೂಪವಾಗುವ ಶಿರಸಿಯಲ್ಲಿ ಖಗೋಳ ವಿಜ್ಞಾನ ಕಲಿಸುವವರಿಗೆ ಆಕಾಶದ ಬೃಹತ್ ಸಮೀಕ್ಷೆಯಾದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಮಾಹಿತಿ ಸಿಗುವ 'ಸ್ಕೈಸರ್ವರ್' ಜಾಲತಾಣ ದೊಡ್ಡ ಆಸರೆ. ಪದವಿ ವಿದ್ಯಾರ್ಥಿಗಳೊಂದಿಗೆ ನಾನು ಬಳಸಿದ್ದು, ನಕ್ಷತ್ರಗಳ ಅವಕೆಂಪು ಬೆಳಕನ್ನು ಬಿಡಿಸಿ ನೋಡಿ ಅವುಗಳಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆದ ಅದರ ಅಪೋಜಿ ವಿಭಾಗವನ್ನು.

ನ್ಯೂ ಮೆಕ್ಸಿಕೋ ಮತ್ತು ಚಿಲಿಯ ದೂರದರ್ಶಕಗಳಿಂದ ಪಡೆದ ಆರೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಮಾಹಿತಿ 2021ರ ಡಿಸೆಂಬರ್‌ನಲ್ಲಿ ಬಂದ 17ನೇ ದತ್ತಾಂಶ ಬಿಡುಗಡೆಯಲ್ಲಿದೆ. ಅವಕೆಂಪು ಬೆಳಕು ಧೂಳನ್ನು ದಾಟಿ ಬರುವುದರಿಂದ, ಆಕಾಶಗಂಗೆಯ ಬಹುಪಾಲು ನಕ್ಷತ್ರಗಳಿರುವ ಚಪ್ಪಟೆ ಭಾಗವಾದ ತಟ್ಟೆಯ ಒಳಗಿನ, ಗೋಚರ ಬೆಳಕಿನಲ್ಲಿ ಮರೆಯಾಗುವ ನಕ್ಷತ್ರಗಳೂ ಇಲ್ಲಿ ಸಿಗುತ್ತವೆ.

ಕಬ್ಬಿಣದ ಪ್ರಮಾಣವನ್ನು ಅಡ್ಡ ಅಕ್ಷದಲ್ಲೂ, ಕಬ್ಬಿಣಕ್ಕೆ ಹೋಲಿಸಿದ ಮೆಗ್ನೀಸಿಯಂ ಪ್ರಮಾಣವನ್ನು ಲಂಬ ಅಕ್ಷದಲ್ಲೂ ಇಟ್ಟು ನಕ್ಷೆ ಬಿಡಿಸಿದರೆ ಚುಕ್ಕೆಗಳು ಎರಡು ಪಟ್ಟೆಗಳಾಗಿ ಒಡೆಯುತ್ತವೆ. ಮೆಗ್ನೀಸಿಯಂ ಬರುವುದು ಬೇಗ ಸಾಯುವ ಭಾರಿ ನಕ್ಷತ್ರಗಳ ಸ್ಫೋಟದಿಂದ. ಕಬ್ಬಿಣದ ಬಹುಪಾಲು ಬರುವುದು ತಡವಾಗಿ ಸಿಡಿಯುವ ಶ್ವೇತಕುಬ್ಜಗಳಿಂದ, ಅಂದರೆ ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳುಗಳಿಂದ. ಹಾಗಾಗಿ ಮೆಗ್ನೀಸಿಯಂ ಹೆಚ್ಚಿರುವ ಮೇಲಿನ ಪಟ್ಟೆಯವು ಹೆಚ್ಚಾಗಿ ಆ ಕಬ್ಬಿಣ ಕೂಡುವ ಮೊದಲೇ ಹುಟ್ಟಿದ ಹಳೆಯ ನಕ್ಷತ್ರಗಳು. ನಕ್ಷತ್ರಗಳ ಸ್ಥಾನಗಳನ್ನು ನಿಖರವಾಗಿ ಅಳೆದ ಗಯಾ ಉಪಗ್ರಹದ ಅಳತೆಗಳಿಂದ ದೊರೆಯುವ ದೂರಗಳನ್ನು ಇದಕ್ಕೆ ಜೋಡಿಸಿದಾಗ ತಟ್ಟೆಯ ಆಕಾರ ತೆರೆದುಕೊಳ್ಳುತ್ತದೆ: ಮೆಗ್ನೀಸಿಯಂ ಹೆಚ್ಚಿರುವವು ದಪ್ಪ ಪದರದಲ್ಲಿ, ಆದರೆ ಕೇಂದ್ರದ ಕಡೆಗೇ ಒತ್ತಾಗಿ ನಿಂತರೆ, ಕಡಿಮೆಯಿರುವವು ತೆಳುವಾಗಿ ಬಹುದೂರ ಹರಡಿ, ಅಂಚಿನತ್ತ ಹೋದಂತೆ ಮೇಲಕ್ಕೂ ಕೆಳಕ್ಕೂ ಅಗಲವಾಗುತ್ತವೆ. ದಪ್ಪ ತಟ್ಟೆ, ತೆಳು ತಟ್ಟೆ ಎಂದು ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ವಿಷಯವನ್ನು ವಿದ್ಯಾರ್ಥಿ ತಾನೇ ಬಿಡಿಸಿದ ನಕ್ಷೆಯಲ್ಲಿ ಗುರುತಿಸುತ್ತಾನೆಂಬುದೇ, ನನ್ನ ಮಟ್ಟಿಗೆ, ಈ ಸೇವೆಯ ನಿಜವಾದ ಬೆಲೆ.

ಬಳಸುವವರು ಒಂದು ವಿಷಯದಲ್ಲಿ ಬಹಳ ಎಚ್ಚರ ವಹಿಸಬೇಕು. ಪಟ್ಟಿಯಲ್ಲಿರುವ ನಕ್ಷತ್ರಗಳ ಸಂಖ್ಯೆ ಆಕಾಶಗಂಗೆಯಲ್ಲಿರುವ ಸಂಖ್ಯೆಯ ಪ್ರತಿಬಿಂಬವಲ್ಲ. ಆಯ್ದ ದಿಕ್ಕುಗಳಲ್ಲಿ, ಆಯ್ದ ಪ್ರಕಾಶದ ನಕ್ಷತ್ರಗಳನ್ನಷ್ಟೇ ಸಮೀಕ್ಷೆ ನೋಡಿದೆ. ಆ ಆಯ್ಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬರೀ ಎಣಿಕೆಯಿಂದ ತಟ್ಟೆಯ ಉದ್ದ ಮತ್ತು ದಪ್ಪಗಳನ್ನು ನಿರ್ಧರಿಸಿದರೆ ಉತ್ತರ ತಪ್ಪಾಗುತ್ತದೆ. ಅನುಮಾನಾಸ್ಪದ ಅಳತೆಗಳಿಗೆ ಹಚ್ಚಿದ ಎಚ್ಚರಿಕೆಯ ಗುರುತುಗಳನ್ನೂ ನೋಡಿ, ಅಂಥವನ್ನು ಮೊದಲೇ ಬದಿಗಿಡಬೇಕು.

ವಿವರಣೆಗಳು ಇಂಗ್ಲಿಷಿನಲ್ಲಿರುವುದರಿಂದಲೂ, ಎಸ್‌ಕ್ಯೂಎಲ್ ಎಂಬ, ದತ್ತಾಂಶದಿಂದ ಬೇಕಾದ್ದನ್ನು ಕೇಳಿ ಪಡೆಯುವ ಕಂಪ್ಯೂಟರ್ ಭಾಷೆ ಅಲ್ಪಸ್ವಲ್ಪ ತಿಳಿದಿರಬೇಕಾದ್ದರಿಂದಲೂ ಪ್ರೌಢಶಾಲೆಯ ಮಕ್ಕಳನ್ನು ನೇರವಾಗಿ ಇದರ ಮುಂದೆ ಕೂರಿಸಲಾಗದು. ಶಿಕ್ಷಕರೇ ಒಂದು ಸಣ್ಣ ಪಟ್ಟಿಯನ್ನು ಸಿದ್ಧಪಡಿಸಿ ಕೊಡುವುದು ಒಳ್ಳೆಯದು. ಪದವಿ ಕಾಲೇಜುಗಳಿಗಾದರೆ ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಹಣ ಕೊಡಬೇಕಿಲ್ಲ, ಫಲಿತಾಂಶವನ್ನು ಸಿಎಸ್‌ವಿ (ಸರಳ ಕೋಷ್ಟಕ) ಕಡತವಾಗಿ ಇಳಿಸಿಕೊಂಡರೆ ಮುಂದಿನ ಕೆಲಸಕ್ಕೆ ಲ್ಯಾಬಿನ ಸಾಧಾರಣ ಕಂಪ್ಯೂಟರ್ ಸಾಕು, ಇಂಟರ್ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ.