ಮಡಚುವ ಸೈಕಲ್: ಬ್ರಾಂಪ್ಟನ್ನೋ, 20 ಇಂಚಿನದೋ?

ಬೆಂಗಳೂರಿನಲ್ಲಿ ಸೈಕಲ್ ತಗೊಳ್ಳುವವರು ಮೊದಲು ಗೇರ್ ಎಷ್ಟು ಅಂತ ಕೇಳುತ್ತಾರೆ. ಮಡಚುವ ಸೈಕಲ್ಲಿಗೆ ಬೇರೆಯೇ ಪ್ರಶ್ನೆ ಕೇಳಬೇಕು: ಇಳಿದ ಮೇಲೆ ಅದನ್ನು ಎಲ್ಲಿಡುತ್ತೀರಿ? ರಸ್ತೆ ಬದಿಯಲ್ಲೇ ಬೀಗ ಹಾಕಿ ಹೋಗುವುದಾದರೆ ಮಾಮೂಲಿ ಸೈಕಲ್ಲೇ ವಾಸಿ.

ನನ್ನದು ಡೆಕಾಥ್ಲಾನ್‌ನ ಟಿಲ್ಟ್, 20 ಇಂಚಿನ ಚಕ್ರದ್ದು. ಗೆಳೆಯನ ಬಳಿ ಬ್ರಿಟನ್ನಿನ ಬ್ರಾಂಪ್ಟನ್ ಕಂಪನಿಯದು ಇದೆ, 16 ಇಂಚಿನ ಚಕ್ರದ್ದು. ಕೆಲವು ವಾರ ಅದಲು ಬದಲು ಮಾಡಿಕೊಂಡು ಓಡಿಸಿದೆವು.

ಓಡಿಸುವುದರಲ್ಲಿ ಟಿಲ್ಟ್ ಮುಂದು. ನಮ್ಮ ರಸ್ತೆಯ ಗುಂಡಿಗೆ ಚಿಕ್ಕ ಚಕ್ರ ಬಿದ್ದರೆ ಏಟು ಸೀದಾ ಮಣಿಕಟ್ಟಿಗೆ. ಬ್ರಾಂಪ್ಟನ್ನಿನ ಹಿಂದೆ ರಬ್ಬರ್ ತುಂಡೊಂದಿದೆ, ಸೊಂಟ ಬಚಾವ್. ಮುಂದೆ ಏನೂ ಇಲ್ಲ. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಿದರೆ ಹ್ಯಾಂಡಲ್ ಅಲ್ಲಾಡುತ್ತದೆ.

ಮಡಚುವ ವಿಷಯ ಬಂದರೆ ಮಾತ್ರ ಎಲ್ಲ ತಲೆಕೆಳಗು. ಬ್ರಾಂಪ್ಟನ್ ರೂಪಿಸಿದ ಆಂಡ್ರ್ಯೂ ರಿಚಿ 1970ರ ದಶಕದಲ್ಲಿ ಲಂಡನ್ನಿನಲ್ಲಿ ಕೂತು ಮಾಡಿದ ಮಡಚುವ ಲೆಕ್ಕಾಚಾರ ಇವತ್ತಿಗೂ ಹಾಗೇ ಇದೆ. ಹಿಂದಿನ ಚಕ್ರ ಅಡಿಗೆ ಹೋಗುತ್ತದೆ, ಮುಂದಿನದು ಪಕ್ಕಕ್ಕೆ ಬರುತ್ತದೆ, ಹ್ಯಾಂಡಲ್ ಕೆಳಗೆ ಬೀಳುತ್ತದೆ. ಕೊನೆಗೆ ಸೀಟು ಒತ್ತಿದರೆ ಎಲ್ಲ ಗಟ್ಟಿಯಾಗಿ ಕೂತುಕೊಳ್ಳುತ್ತದೆ. ಚೈನು ಎರಡು ಚಕ್ರಗಳ ನಡುವೆ ಸೇರಿಕೊಳ್ಳುವುದರಿಂದ ಪ್ಯಾಂಟಿಗೆ ಗ್ರೀಸ್ ಇಲ್ಲ. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಕಾಲ ಬುಡದಲ್ಲೇ ಇರುತ್ತದೆ. ಕದಿಯುವವನು ನನ್ನ ಕಾಲು ತುಳಿದೇ ಬರಬೇಕು!

ಟಿಲ್ಟ್ ನಡುವಿಗೆ ಮಡಚುತ್ತದೆ ಅಷ್ಟೆ. ಚೈನು ಹೊರಗೇ. ಎತ್ತಿದರೆ ಪೆಡಲ್ ಮೊಣಕಾಲಿಗೆ ಬಡಿಯುತ್ತದೆ. ತೂಕದಲ್ಲಿ ಎರಡಕ್ಕೂ ಭಾರೀ ವ್ಯತ್ಯಾಸವೇನಿಲ್ಲ, ತೊಂದರೆ ಆಕಾರದ್ದು.

ನಮ್ಮ ಮೆಟ್ರೋದಲ್ಲಿ ಒಯ್ಯುವ ಆಸೆಯಿಂದ ಕೊಳ್ಳುವವರು ಸ್ವಲ್ಪ ತಡೆಯಿರಿ. ಅಲ್ಲಿನ ಲಗೇಜ್ ಅಳತೆ 60×45×25 ಸೆಂ.ಮೀ. ಟೇಪು ಹಿಡಿದರೆ ಬ್ರಾಂಪ್ಟನ್ನೇ ಅದರೊಳಗೆ ಕೂರುವುದಿಲ್ಲ, ಟಿಲ್ಟ್ ಮಾತಂತೂ ಬೇಡ. ದುಡ್ಡು ಕೊಡುವ ಮೊದಲು ನಿಮ್ಮ ಸ್ಟೇಷನ್ನಿನಲ್ಲಿ ಕೇಳಿಬಿಡಿ.

ಇನ್ನು ಬೀಗ. ಹೊರಗೆ ನಿಲ್ಲಿಸಲೇಬೇಕಾದಾಗ ತೆಳ್ಳನೆ ಕೇಬಲ್ ಲಾಕ್ ಸುಮ್ನೆ ಸಮಾಧಾನಕ್ಕೆ. ಕೈಕಟರ್ ಇದ್ದರೆ ಕ್ಷಣದ ಕೆಲಸ. ಯು-ಲಾಕ್, ಅಂದರೆ U ಆಕಾರದ ಗಟ್ಟಿ ಸರಳಿನ ಬೀಗ, ಒಳ್ಳೆಯದು. ಆದರೆ ಈ ಸೈಕಲ್ಲುಗಳ ಫ್ರೇಮು ತಗ್ಗು, ಚಿಕ್ಕ ಯು-ಲಾಕ್ ಕಂಬಕ್ಕೆ ಎಟುಕುವುದೇ ಕಷ್ಟ. ಸ್ವಲ್ಪ ಉದ್ದದ್ದು ತಗೊಂಡು, ಚಕ್ರಕ್ಕಷ್ಟೇ ಹಾಕದೆ ಫ್ರೇಮಿನ ದಪ್ಪ ಪೈಪನ್ನೂ ಸೇರಿಸಿ ಹಾಕಿ. ಸೀಟಿನ ಮೇಲೂ ಕಣ್ಣಿರಲಿ. ಲಿವರ್ ಎಳೆದರೆ ಕೊಳವೆ ಸಮೇತ ಕೈಗೆ ಬರುತ್ತದೆ. ಅಷ್ಟುದ್ದದ ಕೊಳವೆ ಮಾಮೂಲಿ ಸೈಕಲ್ ಅಂಗಡಿಯಲ್ಲಿ ಸಿಗುವುದು ಅಪರೂಪ. ನಾನು ಸೀಟನ್ನು ಕಿತ್ತು ಜೊತೆಗೇ ಒಯ್ಯುತ್ತೇನೆ, ನೋಡಿದವರು ನಕ್ಕರೆ ನಗಲಿ.

ಪಂಕ್ಚರ್ ಲೆಕ್ಕವೂ ಇದೆ. 20 ಇಂಚಿನ ಟ್ಯೂಬು ಮಕ್ಕಳ ಸೈಕಲ್ಲಿನದೇ, ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ಬ್ರಾಂಪ್ಟನ್ನಿನ 16 ಇಂಚು ಹೆಸರಿಗೆ ಮಾತ್ರ 16. ಅದರ ರಿಮ್ 349 ಮಿ.ಮೀ., ಮಕ್ಕಳ ಸೈಕಲ್ಲಿನದು 305. ಆ ಟೈರು ಇದಕ್ಕೆ ಕೂರುವುದೇ ಇಲ್ಲ.

ಬ್ರಾಂಪ್ಟನ್ ಬೆಲೆ ಲಕ್ಷ ದಾಟುತ್ತದೆ. ದಿನಾ ಎರಡು ಮೂರು ಕಡೆ ಒಳಗೆ ಹೊರಗೆ ಓಡಾಡುವವರಿಗೆ, ಸಣ್ಣ ಮನೆಯವರಿಗೆ ಆ ದುಡ್ಡು ದಂಡವಲ್ಲ. ನಾನು ಹೋಗುವುದು ಒಂದೇ ಆಫೀಸಿಗೆ. ಅಲ್ಲಿ ಮೆಟ್ಟಿಲ ಕೆಳಗೆ ಜಾಗವಿದೆ, ವಾಚ್‌ಮನ್ ಪರಿಚಯದವರು, ದಾರಿ ತುಂಬ ಗುಂಡಿ. ಟಿಲ್ಟನ್ನೇ ಇಟ್ಟುಕೊಂಡೆ.